ಬೆಳೆದ ಮಗುವಿನ ಆಯುಷ್ಯ

1981ನೆಯ ಇಸವಿಯನ್ನು ವಿಶ್ವಸಂಸ್ಥೆಯು ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ್ದಿತು. ಸಭೆಗಳು ನಡೆದವು, ಅಂಚೆಚೀಟಿಗಳು ಹೊರಬಂದವು. ಭಾಷಣಗಳಿಗಂತೂ ಕೊರತೆಯೇ ಇರಲಿಲ್ಲ. ಅದೇ ವರ್ಷದ ಕೊನೆಯ ನಾಲ್ಕು ತಿಂಗಳುಗಳಲ್ಲಿ ಇಬ್ಬರು ಗ್ರಂಥಕರ್ತರು ಕಾಲವಶರಾದರು. ಒಬ್ಬನು ಐರ್ಲೆಂಡಿನ ಕ್ರಿಸ್ಟಿ ಬ್ರೌನ್. ಸೆಪ್ಟೆಂಬರ್ 7ರಂದು ತೀರಿಕೊಂಡಾಗ ಆತನಿಗೆ 49 ವರ್ಷ. ಇನ್ನೊಬ್ಬನು ಇಂಗ್ಲೆಂಡಿನ ಜೋಯಿ ಡೀಕನ್. ಡಿಸೆಂಬರಿನಲ್ಲಿ ತೀರಿಕೊಂಡಾಗ ಆತನಿಗೆ 61 ವರ್ಷ.

ಇಬ್ಬರನ್ನೂ ಹುಟ್ಟಿನಿಂದ ಹಿಡಿದಿದ್ದುದು ಸೆರೆಬ್ರಲ್ ಪಾಲ್ಸಿ, ಎಂದರೆ ಮಿದುಳಿನ ಪಾರ್ಶ್ವವಾಯು. ಇಬ್ಬರ ಕೈಗಳೂ ಅವರ ಮಾತು ಕೇಳುತ್ತಿರಲಿಲ್ಲ. ಇಬ್ಬರ ನುಡಿಯೂ ಬಲು ಹತ್ತಿರದ ಕೆಲವರಿಗಲ್ಲದೆ ಪರರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಇಬ್ಬರೂ ತಮ್ಮ ಜೀವನದ ಕಥೆಯನ್ನು ಬರೆದು ಪ್ರಕಟಿಸಿದರು. ಬ್ರೌನನಿಗೆ ಕೀರ್ತಿ ಬಂದಿತು, ಹಣ ಬಂದಿತು, ಮದುವೆಯೂ ಆಯಿತು. ಡೀಕನನು ಎಂಟನೆಯ ವಯಸ್ಸಿನಿಂದ ಸಾಯುವವರೆಗೆ ಸರ್ರೆ ಪ್ರಾಂತದ ಕೇಟರ್‌ಹ್ಯಾಮಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆಳೆದನು. ಬುದ್ಧಿಮಾಂದ್ಯರಿಗೆಂದು ಕಟ್ಟಿದ ಆಸ್ಪತ್ರೆ ಅದು. ಆತನ ಬುದ್ಧಿಗೆ ಯಾವ ಮಾಂದ್ಯವೂ ಇರಲಿಲ್ಲವೆಂಬುದು ತಿಳಿಯಬೇಕಾದರೆ ಬಹಳ ವರ್ಷಗಳು ಬೇಕಾದವು. ಭಾಗ್ಯವಂತನೆನಿಸಿಕೊಂಡವನಿಗಿಂತ ನಿರ್ಭಾಗ್ಯನೆನಿಸಿಕೊಂಡವನು ಹನ್ನೆರಡು ವರ್ಷ ಹೆಚ್ಚು ಬದುಕಿದನು.

ಬ್ರೌನನು ಸತ್ತುದು ಯಾವ ಮಹಾವ್ಯಾಧಿಯಿಂದಲೂ ಅಲ್ಲ. ರಾತ್ರಿಯ ಊಟಕ್ಕೆ ಕುಳಿತಿದ್ದಾಗ ತುತ್ತೊಂದು ಗಂಟಲಿನಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿತು.

ಇಂತಹ ಮಗುವಿರುವ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಏಳುತ್ತದೆ. ಗಟ್ಟಿಯಾಗಿ ಕೇಳಲು ನಾಲಗೆ ಬಾರದು. ಮಗು ನಿದ್ರೆ ಹೋದ ಮೇಲೆ, ದೀಪ ಆರಿಸಿದ ಮೇಲೆ, ಗಂಡಹೆಂಡಿರು ಒಬ್ಬರನ್ನೊಬ್ಬರು ಕೇಳುತ್ತಾರೆ: ಇವನು ಎಷ್ಟು ಕಾಲ ಬದುಕುತ್ತಾನೆ? ಹಿಂದಿನ ಕಾಲದ ವೈದ್ಯರು ಹಲವರು ಇದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಆ ಮೌನವನ್ನು ತಂದೆತಾಯಿಗಳು ತಮಗೆ ತೋರಿದಂತೆ ಅರ್ಥಮಾಡಿಕೊಳ್ಳುತ್ತಿದ್ದರು. ಈಗ ಈ ಪ್ರಶ್ನೆಗೆ ಲೆಕ್ಕಾಚಾರದ ಉತ್ತರವಿದೆ. ಆ ಉತ್ತರವು ಬಹುಪಾಲು ಮನೆಗಳವರು ಅಂಜಿದ್ದಕ್ಕಿಂತ ಎಷ್ಟೋ ಮೇಲಾಗಿದೆ. ಆದರೆ ಅದರೊಳಗೆ ಎಚ್ಚರಿಕೆಯ ಮಾತುಗಳೂ ಇವೆ. ಅವು ಮಗುವಿಗೆ ಸಂಬಂಧಿಸಿದವಲ್ಲ, ಬೆಳೆದು ಮೂವತ್ತು ನಲವತ್ತು ವರ್ಷದವನಾದ ಮನುಷ್ಯನಿಗೆ ಸಂಬಂಧಿಸಿದವು.

ಸೆರೆಬ್ರಲ್ ಪಾಲ್ಸಿ ಎಂಬುದು ಬೆಳೆಯುತ್ತಿರುವ ಮಿದುಳಿಗೆ ಒಮ್ಮೆ ತಗುಲಿದ ಪೆಟ್ಟು. ಗರ್ಭದಲ್ಲಿಯೇ ಆಗಿರಬಹುದು, ಹೆರಿಗೆಯ ಸಮಯದಲ್ಲಿ ಆಗಿರಬಹುದು, ಹುಟ್ಟಿದ ಮೊದಲ ಒಂದೆರಡು ವರ್ಷಗಳಲ್ಲಿ ತೀವ್ರ ಕಾಮಾಲೆಯಿಂದಲೋ ಮಿದುಳಿನ ಸೋಂಕಿನಿಂದಲೋ ಆಗಿರಬಹುದು. ಸಾವಿರ ಶಿಶುಗಳಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ಕೆಲವರ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಕೆಲವರ ಅಂಗಾಂಗಗಳು ತಾವಾಗಿಯೇ ಹೊರಳಾಡುತ್ತವೆ. ಮತ್ತೆ ಕೆಲವರಿಗೆ ತೂಕ ತಪ್ಪಿ ನಡಿಗೆ ಓಲಾಡುತ್ತದೆ. ಒಬ್ಬನಿಗೆ ಒಂದು ಕಾಲು ಸ್ವಲ್ಪ ಎಳೆಯುವುದಷ್ಟೇ ಆದರೆ, ಇನ್ನೊಬ್ಬನಿಗೆ ಕುತ್ತಿಗೆಯನ್ನು ನೆಟ್ಟಗೆ ನಿಲ್ಲಿಸುವುದೂ ಸಾಧ್ಯವಾಗದು. ಮಿದುಳಿಗೆ ಬಿದ್ದ ಆ ಪೆಟ್ಟು ಮುಂದೆ ಬೆಳೆಯುವುದಿಲ್ಲ, ಹರಡುವುದಿಲ್ಲ. ಅದು ಹುಣ್ಣಲ್ಲ, ಕಲೆ. ಈ ಒಂದು ಮಾತನ್ನು ಮನೆಯವರು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಏಕೆಂದರೆ ಮುಂದಿನ ವಿಷಯವೆಲ್ಲ ಇದರ ಮೇಲೆ ನಿಂತಿದೆ.

ಇದನ್ನು ಮೊತ್ತಮೊದಲು ಕ್ರಮವಾಗಿ ವಿವರಿಸಿದವನು ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟ್ಲ್. ಆತನ ಪಾದವೇ ಬಾಲ್ಯದಲ್ಲಿ ಸೊಟ್ಟಗಾಗಿದ್ದಿತು. ಜರ್ಮನಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನೆಟ್ಟಗೆ ನಡೆದು ಬಂದವನು, ಅದೇ ವಿದ್ಯೆಯನ್ನು ಕಲಿತು ಸ್ವದೇಶದಲ್ಲಿ ಬಳಸಿದನು. 1861ರಲ್ಲಿ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಆತನು ಓದಿದ ಪ್ರಬಂಧವು ಕಷ್ಟದ ಹೆರಿಗೆಗೂ ಮಕ್ಕಳ ಅಂಗಬಿಗಿತಕ್ಕೂ ಗಂಟು ಹಾಕಿತು. ಬಹುಕಾಲ ಈ ಕಾಯಿಲೆಗೆ ‘ಲಿಟ್ಲ್‌ನ ರೋಗ’ ಎಂದೇ ಹೆಸರಿದ್ದಿತು. ಮನಶ್ಶಾಸ್ತ್ರದಿಂದ ಜಗತ್ಪ್ರಸಿದ್ಧನಾಗುವುದಕ್ಕೆ ಮೊದಲು ಸಿಗ್ಮಂಡ್ ಫ್ರಾಯ್ಡನು ಇದೇ ವಿಷಯದಲ್ಲಿ ದೊಡ್ಡ ಪಂಡಿತನಾಗಿದ್ದನೆಂಬುದು ಅನೇಕರಿಗೆ ತಿಳಿಯದು. ಹೆರಿಗೆಯು ಕಷ್ಟವಾದುದರಿಂದ ಮಿದುಳು ಕೆಟ್ಟಿತೆನ್ನುವುದಕ್ಕಿಂತ, ಗರ್ಭದಲ್ಲಿ ಮೊದಲೇ ಆದ ತೊಂದರೆಯಿಂದ ಹೆರಿಗೆಯೂ ಕಷ್ಟವಾಗಿರಬಹುದಲ್ಲವೇ ಎಂದು ಆತನು ಕೇಳಿದನು. ಸುಮಾರು ತೊಂಬತ್ತು ವರ್ಷಗಳ ತರುವಾಯ, 1986ರಲ್ಲಿ, ಅಮೆರಿಕೆಯಲ್ಲಿ ಸಾವಿರಾರು ಹೆರಿಗೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವೊಂದು ಫ್ರಾಯ್ಡನ ಸಂದೇಹವನ್ನೇ ಬಹಳಮಟ್ಟಿಗೆ ಎತ್ತಿಹಿಡಿಯಿತು. ಹೆರಿಗೆಯ ದಿನದ ಯಾವುದೋ ಒಂದು ಕ್ಷಣವನ್ನು ನೆನೆದು ಜೀವನವಿಡೀ ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರಿಗೆ ಇದು ತಿಳಿದಿರುವುದು ಒಳ್ಳೆಯದು.

ಆದರೆ ಲಿಟ್ಲ್ ನೋಡಿದುದೂ ಮಕ್ಕಳನ್ನೇ, ಫ್ರಾಯ್ಡ್ ನೋಡಿದುದೂ ಮಕ್ಕಳನ್ನೇ. ಫ್ರಾಯ್ಡನ 1897ರ ಗ್ರಂಥದ ಹೆಸರಿನಲ್ಲಿಯೇ ‘ಶೈಶವ’ ಎಂಬ ಶಬ್ದವಿದ್ದಿತು. ಇದು ಮಕ್ಕಳ ಕಾಯಿಲೆ, ಮಕ್ಕಳ ವೈದ್ಯರ ಪಾಲಿನದು ಎಂಬ ಭಾವನೆ ಹೀಗೆ ನೆಲೆಯೂರಿತು. ಮಕ್ಕಳು ಬೆಳೆದರು. ಶಾಸ್ತ್ರವು ಅವರ ಜೊತೆಯಲ್ಲಿ ಬೆಳೆಯಲಿಲ್ಲ.

ಹಾಗಾದರೆ ಆಯುಷ್ಯದ ಮಾತು ಏನಾಯಿತು? ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದಲ್ಲಿ 1940ರಿಂದ 1950ರವರೆಗೆ ಹುಟ್ಟಿದ ಇಂತಹ ಮಕ್ಕಳ ಪಟ್ಟಿಯೊಂದು ಸುದೈವದಿಂದ ಉಳಿದುಬಂದಿದ್ದಿತು. ಅವರಲ್ಲಿ ಇಪ್ಪತ್ತು ವರ್ಷ ದಾಟಿದವರು ಮುಂದೆ ಏನಾದರೆಂಬುದನ್ನು ಸಂಶೋಧಕರು ಹುಡುಕಿ 2006ರಲ್ಲಿ ಪ್ರಕಟಿಸಿದರು. ಇಪ್ಪತ್ತನ್ನು ದಾಟಿದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಐವತ್ತನ್ನೂ ಕಂಡಿದ್ದರು. ಆ ದೇಶದ ಸಾಮಾನ್ಯ ಜನರಲ್ಲಿ ಈ ಸಂಖ್ಯೆ 96. ಎರಡಕ್ಕೂ ಅಂತರವಿದೆ, ನಿಜ. ಆದರೆ ತಲೆಯಾಡಿಸಿ ಸುಮ್ಮನಾಗುವಷ್ಟು ಅಂತರವಲ್ಲ. ಅಲ್ಲದೆ, ಇವರೆಲ್ಲ ಹುಟ್ಟಿದುದು ಯುದ್ಧದ ಮತ್ತು ಯುದ್ಧಾನಂತರದ ಅಭಾವದ ದಿನಗಳಲ್ಲಿ.

ಅದೇ ಲೆಕ್ಕದಲ್ಲಿ ಇನ್ನೂ ಒಂದು ವಿಚಾರ ಹೊರಬಿದ್ದಿತು. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಸತ್ತವರಲ್ಲಿ ಹಲವರ ಸಾವಿಗೆ ಕಾರಣ ಶ್ವಾಸಕೋಶದ ಕಾಯಿಲೆ. ನಲವತ್ತು ಐವತ್ತರಲ್ಲಿ ಸತ್ತವರಲ್ಲಿ ಹಲವರ ಸಾವಿಗೆ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆ, ಇಲ್ಲವೇ ಅರ್ಬುದ. ಎಂದರೆ ಊರಿನ ಉಳಿದ ಜನರೆಲ್ಲ ಯಾವುದರಿಂದ ಸಾಯುತ್ತಾರೋ ಅದೇ. ಮಿದುಳಿನ ಹಳೆಯ ಕಲೆಯಿಂದಲೇ ಸತ್ತರೆಂದು ಬರೆದುದು ಅತಿ ವಿರಳ.

ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಇಂತಹವರ ಸರಕಾರೀ ದಾಖಲೆಗಳನ್ನು ದಶಕಗಳಿಂದ ಇಟ್ಟುಕೊಂಡು ಬಂದಿದ್ದಾರೆ. 1983ರಿಂದ 2010ರವರೆಗಿನ ಅವಧಿಯಲ್ಲಿ ಐವತ್ತು ಸಾವಿರಕ್ಕೂ ಮಿಕ್ಕ ಜನರ ವಿವರವನ್ನು ಅಲ್ಲಿನ ಗಣಿತಜ್ಞರು ಸೋಸಿ ನೋಡಿದರು. ಅವರ ಪ್ರಕಾರ ‘ಸೆರೆಬ್ರಲ್ ಪಾಲ್ಸಿಯವರ ಸರಾಸರಿ ಆಯುಷ್ಯ’ ಎಂಬ ಒಂದು ಅಂಕೆಗೆ ಅರ್ಥವೇ ಇಲ್ಲ. ಯಾರ ನೆರವೂ ಇಲ್ಲದೆ ನಡೆಯಬಲ್ಲವನು, ತನ್ನ ಕೈಯಿಂದ ತಾನೇ ಉಣ್ಣಬಲ್ಲವನು, ಇತರರಿಗಿಂತ ಕೆಲವೇ ವರ್ಷ ಕಡಿಮೆ ಬದುಕಿಯಾನು. ಮಲಗಿದಲ್ಲಿಂದ ಹೊರಳಲಾರದವನ, ತಲೆ ಎತ್ತಲಾರದವನ, ನಾಳದಿಂದಲೇ ಆಹಾರ ಪಡೆಯುವವನ ಲೆಕ್ಕ ಬೇರೆ. ಅಲ್ಲಿ ಆಯುಷ್ಯ ಬಹಳ ಕುಗ್ಗುತ್ತದೆ. ಆದರೆ ಈ ಕೊನೆಯ ಗುಂಪಿನವರ ಆಯುಷ್ಯವೇ ಕಳೆದ ದಶಕಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸುಧಾರಿಸಿದೆ. ಮಗು ಎರಡು ವರ್ಷದ್ದಾಗಿರುವಾಗ ಜಾತಕ ಬರೆದಂತೆ ಅಂಕೆ ಹೇಳುವ ವೈದ್ಯನನ್ನು ನಂಬಬೇಕಾದುದಿಲ್ಲ. ನಾಲ್ಕೈದು ವರ್ಷದ ಹೊತ್ತಿಗೆ ಮಗು ಏನು ಮಾಡಬಲ್ಲುದು ಎಂಬುದರಿಂದ ಸ್ವಲ್ಪಮಟ್ಟಿಗೆ ಊಹಿಸಬಹುದು, ಅದೂ ಊಹೆಯೇ.

ಇಷ್ಟಾದ ಮೇಲೆ ಕ್ರಿಸ್ಟಿ ಬ್ರೌನನ ಊಟದ ಮೇಜಿಗೆ ಹಿಂದಿರುಗಬೇಕು.

ಡಬ್ಲಿನ್ ನಗರದ ಒಬ್ಬ ಗಾರೆಕೆಲಸದವನ ಮಗ ಆತ. ಮನೆ ತುಂಬ ಮಕ್ಕಳು. ನಾಲ್ಕು ತಿಂಗಳಾದಾಗ, ಹಾಲೂಡುವಾಗಲೆಲ್ಲ ಮಗುವಿನ ತಲೆ ಹಿಂದಕ್ಕೆ ವಾಲುವುದನ್ನು ತಾಯಿ ಬ್ರಿಜೆಟ್ ಗಮನಿಸಿದಳು. ಈ ಮಗುವನ್ನು ಮರೆತುಬಿಡು ಎಂದವರೇ ಹೆಚ್ಚು. ಆಕೆ ಕೇಳಲಿಲ್ಲ. ಐದನೆಯ ವರ್ಷದಲ್ಲಿ ಒಂದು ದಿನ ಹುಡುಗನು ಸೋದರಿಯ ಕೈಯಿಂದ ಹಳದಿ ಬಣ್ಣದ ಸೀಮೆಸುಣ್ಣವನ್ನು ಎಡಗಾಲಿನ ಬೆರಳುಗಳಿಂದ ಕಸಿದುಕೊಂಡನು. ತಾಯಿ ನೆಲದ ಮೇಲೆ ಮಂಡಿಯೂರಿ ಅಕ್ಷರಮಾಲೆಯ ಮೊದಲ ಅಕ್ಷರವನ್ನು ಬರೆದು ತೋರಿಸಿದಳು. ಹುಡುಗನು ಬೆವರಿಳಿಸಿ ಅದನ್ನು ತಿದ್ದಿದನು. ಆ ಎಡಗಾಲೇ ಮುಂದೆ 1954ರಲ್ಲಿ ಆತ್ಮಕಥೆಯನ್ನೂ 1970ರಲ್ಲಿ ಹಲವು ಭಾಷೆಗಳಿಗೆ ಅನುವಾದಗೊಂಡ ಕಾದಂಬರಿಯನ್ನೂ ಬರೆಯಿತು. ಆತ್ಮಕಥೆಯನ್ನು ಆಧರಿಸಿದ 1989ರ ಚಲನಚಿತ್ರದಲ್ಲಿ ಆತನ ಪಾತ್ರ ವಹಿಸಿದ ನಟನಿಗೂ ತಾಯಿಯ ಪಾತ್ರ ವಹಿಸಿದ ನಟಿಗೂ ಆಸ್ಕರ್ ಪ್ರಶಸ್ತಿ ದೊರೆಯಿತು. ಜಗತ್ತು ಆ ಎಡಗಾಲನ್ನು ನೋಡಿ ಬೆರಗಾಯಿತು. ಆತನ ಗಂಟಲನ್ನು ಯಾರು ತಾನೇ ನೆನೆದಾರು?

ಐರ್ಲೆಂಡಿನಲ್ಲಿಯೇ ಇನ್ನೊಬ್ಬ ಲೇಖಕನಿದ್ದನು, ಕ್ರಿಸ್ಟೋಫರ್ ನೋಲನ್. ಹುಟ್ಟಿದುದು 1965ರಲ್ಲಿ, ಹಣೆಗೆ ಕಟ್ಟಿದ ಕಡ್ಡಿಯಿಂದ ಟೈಪು ಯಂತ್ರದ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಬರೆದವನು. ಆತನ ಆತ್ಮಕಥೆಯು 1987ರ ವಿಟ್‌ಬ್ರೆಡ್ ಪ್ರಶಸ್ತಿ ಪಡೆಯಿತು. 2009ರ ಫೆಬ್ರುವರಿಯಲ್ಲಿ, ತನ್ನ 43ನೆಯ ವಯಸ್ಸಿನಲ್ಲಿ, ಆತನೂ ಆಹಾರ ಶ್ವಾಸನಾಳದಲ್ಲಿ ಸಿಕ್ಕಿಕೊಂಡೇ ತೀರಿಹೋದನು. ಇಪ್ಪತ್ತೆಂಟು ವರ್ಷಗಳ ಅಂತರದಲ್ಲಿ ಒಂದೇ ದೇಶದ ಇಬ್ಬರು ಲೇಖಕರಿಗೆ ಒಂದೇ ಬಗೆಯ ಮರಣ.

ನುಂಗುವುದೆಂದರೆ ಆರೋಗ್ಯವಂತನಿಗೆ ಒಂದು ಕೆಲಸವೆಂದೇ ತೋರದು. ಆದರೆ ತುತ್ತು ನಾಲಗೆಯ ಹಿಂಬದಿಗೆ ಹೋದ ಕ್ಷಣದಲ್ಲಿ ಮೂವತ್ತಕ್ಕೂ ಮಿಕ್ಕ ಸ್ನಾಯುಗಳು ಲೆಕ್ಕ ತಪ್ಪದಂತೆ ಒಂದರ ಹಿಂದೆ ಒಂದು ಕೆಲಸ ಮಾಡಬೇಕು, ಧ್ವನಿಪೆಟ್ಟಿಗೆ ಮೇಲೇರಬೇಕು, ಅದರ ಮೇಲಿನ ಮುಚ್ಚಳ ಮಡಚಬೇಕು, ಉಸಿರು ಅರೆಕ್ಷಣ ನಿಲ್ಲಬೇಕು. ತಾಳ ತಪ್ಪಿದರೆ ಅನ್ನದ ಅಗುಳು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಒಮ್ಮೆಗೇ ಉಸಿರು ಕಟ್ಟುವುದು ಅಪರೂಪ. ಹೆಚ್ಚಾಗಿ ನಡೆಯುವುದು ಸದ್ದಿಲ್ಲದ ಕೆಡುಕು: ದಿನದಿನವೂ ಚೂರುಚೂರಾಗಿ ಆಹಾರವೋ ಜೊಲ್ಲೋ ಶ್ವಾಸಕೋಶಕ್ಕೆ ಜಿನುಗಿ, ವರ್ಷಕ್ಕೆರಡು ಬಾರಿ ಜ್ವರ, ಕಫ, ಕೊನೆಗೆ ನ್ಯುಮೋನಿಯಾ. ಕೆಲವರಿಗೆ ಕೆಮ್ಮು ಕೂಡ ಬಾರದು. ಊಟದ ನಡುವೆ ಧ್ವನಿ ಒದ್ದೆಯಾದಂತೆ ಗೊರಗೊರ ಎನ್ನುವುದು, ಕಣ್ಣಲ್ಲಿ ನೀರೂರುವುದು, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವೇ ಸುಳಿವುಗಳು. ನಲವತ್ತು ವರ್ಷದಿಂದ ಹೀಗೆಯೇ ತಿನ್ನುತ್ತಿದ್ದಾನೆ ಎಂಬುದು ಸಮಾಧಾನದ ಮಾತಲ್ಲ. ವಯಸ್ಸಾದಂತೆ ಗಂಟಲಿನ ಸ್ನಾಯುಗಳೂ ಸೋಲುತ್ತವೆ. ಮೂವತ್ತರಲ್ಲಿ ನುಂಗಿದ್ದು ನಲವತ್ತೈದರಲ್ಲಿ ಇಳಿಯದೆ ಇರಬಹುದು.

ನಮ್ಮ ಅಡಿಗೆಮನೆಗೆ ಈ ವಿಷಯದಲ್ಲಿ ತನ್ನದೇ ಆದ ತೊಡಕುಗಳಿವೆ. ನೀರು, ಕಾಫಿ, ನೀರುಮಜ್ಜಿಗೆಯಂತಹ ತೆಳು ಪದಾರ್ಥಗಳೇ ಗಂಟಲಿಗೆ ಎಲ್ಲಕ್ಕಿಂತ ಕಷ್ಟ. ಸ್ನಾಯುಗಳು ಸಜ್ಜಾಗುವ ಮೊದಲೇ ಅವು ಹರಿದುಹೋಗುತ್ತವೆ. ಸಾರನ್ನದಲ್ಲಿ ತೆಳುವೂ ಗಟ್ಟಿಯೂ ಕೂಡಿರುವುದರಿಂದ ಅದು ಇನ್ನೂ ಕಠಿನ. ಅವಲಕ್ಕಿ, ಚಕ್ಕುಲಿಯ ಪುಡಿ ಗಂಟಲಲ್ಲಿ ಚೆದರುತ್ತದೆ. ಅಗಿಯದೆ ನುಂಗುವ ಮುದ್ದೆಯು ಎಲ್ಲರ ಗಂಟಲಿಗೂ ಹೇಳಿದ್ದಲ್ಲ. ಹದವಾಗಿ ಕಲೆಸಿದ ಮೊಸರನ್ನ, ತುಸು ಮಂದವಾದ ರಾಗಿ ಗಂಜಿ ಎಷ್ಟೋ ಸುಲಭವಾಗಿ ಇಳಿಯುತ್ತವೆ. ಇನ್ನು ನಮ್ಮಲ್ಲಿ ಲೋಟವನ್ನು ಎತ್ತಿ ಬಾಯಿಗೆ ಸುರಿಯುವ ಪದ್ಧತಿ. ನಿಂತ ತಾಯಿ, ಕುಳಿತ ಮಗ, ಹಿಂದಕ್ಕೆ ಬಾಗಿದ ಕುತ್ತಿಗೆ. ಇದಕ್ಕಿಂತ ಅಪಾಯದ ಭಂಗಿ ಬೇರಿಲ್ಲ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ಉಣಿಸುವವರು ಸಮನಾಗಿ ಎದುರಿಗೆ ಕುಳಿತುಕೊಳ್ಳಬೇಕು, ಉಣ್ಣುವವನ ಗಲ್ಲ ಎದೆಯ ಕಡೆಗೆ ಸ್ವಲ್ಪ ಬಾಗಿರಬೇಕು, ತುತ್ತು ಚಿಕ್ಕದಿರಬೇಕು, ಊಟವಾದ ಅರ್ಧ ಗಂಟೆಯವರೆಗೆ ಮಲಗಿಸಬಾರದು. ಯಾರಿಗೆ ಯಾವ ಹದ ಎಂಬುದನ್ನು ನುಂಗುವ ತೊಂದರೆಗಳನ್ನು ಪರೀಕ್ಷಿಸುವ ತಜ್ಞರು ಎಕ್ಸ್‌ರೇ ನೆರವಿನಿಂದ ನೋಡಿ ಹೇಳುತ್ತಾರೆ. ಹಲ್ಲು ಉಜ್ಜುವುದೂ ಶ್ವಾಸಕೋಶದ ರಕ್ಷಣೆಯೇ. ಹುಳುಕು ಹಲ್ಲಿನ ಕೊಳೆ ಜೊಲ್ಲಿನೊಡನೆ ಒಳಗಿಳಿದರೆ ನ್ಯುಮೋನಿಯಾಕ್ಕೆ ಅದೇ ಬೀಜ.

ಗಂಟಲಿನ ಬಳಿಕ ಕುತ್ತಿಗೆಯ ಮಾತು. ಅಂಗಗಳು ತಾವಾಗಿ ಹೊರಳಾಡುವ ಬಗೆಯವರಲ್ಲಿ ತಲೆಯು ಎಚ್ಚರದ ಹೊತ್ತೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಚುತ್ತಲೇ ಇರುತ್ತದೆ. ಮೂವತ್ತು ನಲವತ್ತು ವರ್ಷ ಹೀಗೆ ತಿರುಚಿದರೆ ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆಗಳು ಇತರರಿಗಿಂತ ಬಹಳ ಮೊದಲೇ ಸವೆದು, ಒಳಗಿರುವ ಬೆನ್ನುಹುರಿಯನ್ನು ಒತ್ತತೊಡಗುತ್ತವೆ. ಆಗ ಕೈಯಲ್ಲಿದ್ದ ಅಲ್ಪಸ್ವಲ್ಪ ಹಿಡಿತ ತಪ್ಪುತ್ತದೆ, ನಡೆಯುತ್ತಿದ್ದವನು ಬೀಳತೊಡಗುತ್ತಾನೆ, ಮೂತ್ರದ ಮೇಲಿನ ಹತೋಟಿ ಹೋಗುತ್ತದೆ. ಮನೆಯವರೂ ಎಷ್ಟೋ ವೇಳೆ ವೈದ್ಯರೂ, ಹಳೆಯ ಕಾಯಿಲೆ ಜಾಸ್ತಿಯಾಯಿತೆಂದು ಹೇಳಿ ಕೈಚೆಲ್ಲುತ್ತಾರೆ. ಇಲ್ಲಿಯೇ ಮೊದಲು ಹೇಳಿದ ಮಾತು ನೆನಪಿಗೆ ಬರಬೇಕು. ಹಳೆಯ ಕಾಯಿಲೆ ಜಾಸ್ತಿಯಾಗುವುದಿಲ್ಲ. ಮಿದುಳಿನ ಆ ಕಲೆ ಬೆಳೆಯದು. ಇದ್ದ ಶಕ್ತಿಯೊಂದು ಹೋಯಿತೆಂದರೆ ಹೊಸದೇನೋ ಬಂದಿದೆ ಎಂದೇ ಅರ್ಥ, ಅದನ್ನು ಹುಡುಕಬೇಕು. ಬೆನ್ನುಹುರಿಯ ಮೇಲಿನ ಒತ್ತಡವನ್ನು ಕಾಲ ಮೀರುವ ಮೊದಲು ಕಂಡುಹಿಡಿದರೆ ಶಸ್ತ್ರಚಿಕಿತ್ಸೆಯುಂಟು. ಕಾಲ ಮೀರಿದರೆ ಹೋದುದು ಹಿಂದಕ್ಕೆ ಬಾರದು.

ನಡೆಯುವವರ ವಿಷಯವೂ ಹೀಗೆಯೇ. ಬಿಗಿದ ಕಾಲುಗಳಿಂದ ನಡೆಯುವವನು ಅದೇ ದೂರಕ್ಕೆ ಇತರರಿಗಿಂತ ಬಹಳ ಹೆಚ್ಚು ಶಕ್ತಿ ವ್ಯಯಮಾಡುತ್ತಾನೆ. ಹುಡುಗತನದಲ್ಲಿ ಹೇಗೋ ಸಾಗುತ್ತದೆ. ಮೂವತ್ತರ ಆಸುಪಾಸಿನಲ್ಲಿ ದಣಿವು, ಸೊಂಟದ ಕೀಲಿನ ನೋವು, ಮಂಡಿಯ ಸವೆತ ಕಾಣಿಸಿಕೊಳ್ಳುತ್ತವೆ. ನಡೆಯಬಲ್ಲವರಲ್ಲಿ ಕಡಿಮೆಯೆಂದರೆ ನಾಲ್ಕರಲ್ಲಿ ಒಂದು ಪಾಲಿನವರ ನಡಿಗೆ ನಡುವಯಸ್ಸಿನೊಳಗೆ ಕುಂದುತ್ತದೆ. ಎಷ್ಟೋ ವರ್ಷ ಕಷ್ಟಪಟ್ಟು ಮಗನನ್ನು ಎದ್ದು ನಿಲ್ಲಿಸಿದ ಮನೆಯವರಿಗೆ, ಮೂವತ್ತೈದರಲ್ಲಿ ಆತನು ಗಾಲಿಕುರ್ಚಿ ಕೇಳಿದರೆ ಸೋತಂತೆ ತೋರುತ್ತದೆ. ಹಾಗೆಣಿಸುವುದು ತಪ್ಪು. ದೂರಕ್ಕೆ ಗಾಲಿಕುರ್ಚಿ, ಮನೆಯೊಳಗೆ ನಡಿಗೆ ಎಂದು ಹಂಚಿಕೊಂಡವನು ಹೆಚ್ಚು ಕಾಲ ನಡೆಯುತ್ತಾನೆ. ನಡೆಯದವರ ಮೂಳೆಗಳೋ ಭಾರ ಹೊರದೆ ಟೊಳ್ಳಾಗುತ್ತವೆ. ಅಪಸ್ಮಾರಕ್ಕೆ ನುಂಗುವ ಕೆಲವು ಹಳೆಯ ಔಷಧಿಗಳು ಅದನ್ನು ಇನ್ನಷ್ಟು ಬೇಗ ಮಾಡುತ್ತವೆ. ಬಿಸಿಲು ಕಾಣದೆ ಒಳಮನೆಯಲ್ಲಿಯೇ ಇದ್ದರೆ ಕೇಳುವುದೇ ಬೇಡ. ಅಂಗಿ ತೊಡಿಸುವಾಗ ತೋಳಿನ ಮೂಳೆ ಮುರಿದ ಪ್ರಸಂಗಗಳೂ ವೈದ್ಯರಿಗೆ ಹೊಸತಲ್ಲ.

ಇನ್ನು ಸಾಮಾನ್ಯ ಕಾಯಿಲೆಗಳು. 2015ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಪರಿಶೀಲನೆಯಂತೆ, ಸೆರೆಬ್ರಲ್ ಪಾಲ್ಸಿಯಿರುವ ವಯಸ್ಕರಲ್ಲಿ ನೂರಕ್ಕೆ 30 ಮಂದಿಗೆ ರಕ್ತದೊತ್ತಡವಿದ್ದರೆ ಇತರರಲ್ಲಿ 22 ಮಂದಿಗೆ. ಸಂಧಿವಾತವು ಇವರಲ್ಲಿ 31 ಮಂದಿಗೆ, ಇತರರಲ್ಲಿ 17 ಮಂದಿಗೆ. ಮಧುಮೇಹ, ಹೃದ್ರೋಗಗಳೂ ಹೆಚ್ಚೇ. ಮೈ ಅಲ್ಲಾಡಿಸಲಾಗದ ಬಾಳಿನಲ್ಲಿ ಇದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ, ಇವರ ರಕ್ತದೊತ್ತಡವನ್ನು ನೋಡುವವರೇ ಕಡಿಮೆ ಎಂಬುದು. ಕೈ ಬಿಗಿದುಕೊಂಡಿರುತ್ತದೆ, ಪಟ್ಟಿ ಸುತ್ತುವುದು ಕಷ್ಟ. ತೂಕದ ಯಂತ್ರದ ಮೇಲೆ ನಿಲ್ಲಲಾರರು. ಬಾಯಿಬಿಟ್ಟು ನೋವು ಹೇಳಲಾರರು. ಕ್ಯಾಲಿಫೋರ್ನಿಯಾದ ಲೆಕ್ಕಿಗರು 1999ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಈ ಸ್ತ್ರೀಯರಲ್ಲಿ ಸ್ತನದ ಅರ್ಬುದದಿಂದಾಗುವ ಸಾವು ಇತರ ಸ್ತ್ರೀಯರಿಗಿಂತ ಮೂರು ಪಟ್ಟು. ರೋಗವೇ ಇವರಲ್ಲಿ ಹೆಚ್ಚೆಂದು ಅವರು ಹೇಳಲಿಲ್ಲ. ಕಾಲದಲ್ಲಿ ಕಂಡುಹಿಡಿಯದಿರುವುದೇ ಕಾರಣವಿರಬಹುದೆಂದರು. ಯಂತ್ರದ ಮುಂದೆ ನೆಟ್ಟಗೆ ನಿಲ್ಲಲಾರದ ಹೆಣ್ಣನ್ನು ಯಂತ್ರದ ಬಳಿಗೆ ಕರೆತರುವವರಾರು? ಇವಳಿಗೇಕೆ ಈ ಪರೀಕ್ಷೆಯೆಲ್ಲ ಎನ್ನುವ ಮಾತು ಆಸ್ಪತ್ರೆಗಿಂತ ಮೊದಲು ಮನೆಯಲ್ಲಿಯೇ ಹುಟ್ಟುವುದುಂಟು.

ಮನಸ್ಸಿನ ಅಸ್ವಾಸ್ಥ್ಯವೂ ಇವರಲ್ಲಿ ಇತರರಿಗಿಂತ ಹೆಚ್ಚೆಂದು ಇಂಗ್ಲೆಂಡಿನ ದಾಖಲೆಗಳು ತೋರಿಸಿವೆ. ಬುದ್ಧಿ ಚುರುಕಾಗಿರುವವರಲ್ಲಿಯೇ ಖಿನ್ನತೆ ಎದ್ದು ಕಾಣುತ್ತದೆ. ಎಲ್ಲವೂ ತಿಳಿಯುತ್ತದೆ, ಹೇಳಲು ಬಾಯಿಲ್ಲ, ಕೇಳಲು ಜನರಿಲ್ಲ; ಖಿನ್ನತೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಷ್ಟೆಲ್ಲ ತೊಂದರೆಗಳಿಗೂ ಒಂದು ಸಾಮಾನ್ಯ ಬಾಗಿಲಿದೆ. ಅದು ಹದಿನೆಂಟನೆಯ ಹುಟ್ಟುಹಬ್ಬ. ಅಲ್ಲಿಯವರೆಗೆ ಮಕ್ಕಳ ವೈದ್ಯರು, ವ್ಯಾಯಾಮ ಚಿಕಿತ್ಸಕರು, ವಿಶೇಷ ಶಾಲೆ, ಎಲ್ಲವೂ ಉಂಟು. ಅಂದಿನಿಂದ ಏನೂ ಇಲ್ಲ. ಇವರ ಚಲನಶಕ್ತಿಯನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವ ಅಳತೆಗೋಲನ್ನು ಕೆನಡಾದ ಪಂಡಿತರು 1997ರಲ್ಲಿ ರಚಿಸಿದರು. ಜಗತ್ತೆಲ್ಲ ಅದನ್ನೇ ಬಳಸುತ್ತದೆ. ಮೊದಲು ಅದು ಹನ್ನೆರಡನೆಯ ವಯಸ್ಸಿಗೆ ನಿಲ್ಲುತ್ತಿದ್ದಿತು. 2007ರಲ್ಲಿ ಹದಿನೆಂಟಕ್ಕೆ ಹಿಗ್ಗಿಸಿದರು. ಅಳತೆಗೋಲಿಗೇ ಹದಿನೆಂಟರಾಚೆಗೆ ಗೆರೆಗಳಿಲ್ಲವೆಂದ ಮೇಲೆ ಉಳಿದವರನ್ನು ದೂರಿ ಫಲವೇನು! ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಅಧಿಕೃತ ವೈದ್ಯಕೀಯ ಮಾರ್ಗದರ್ಶಿ ಹೊರಬಂದುದು 2017ರಲ್ಲಿ. ವಯಸ್ಕರಿಗೆಂದು ಪ್ರತ್ಯೇಕ ಮಾರ್ಗದರ್ಶಿ ಬಂದುದು 2019ರಲ್ಲಿ. ಲಿಟ್ಲ್ ತನ್ನ ಪ್ರಬಂಧವನ್ನು ಓದಿ ಆಗಲೇ 158 ವರ್ಷವಾಗಿದ್ದಿತು. ತೊಂದರೆ ಹೆಚ್ಚಾಗಿರುವವರನ್ನು ವರ್ಷಕ್ಕೊಮ್ಮೆ ತಪ್ಪದೆ ಪೂರ್ಣವಾಗಿ ಪರೀಕ್ಷಿಸಬೇಕೆಂಬುದು ಅದರ ಸಲಹೆಗಳಲ್ಲೊಂದು.

ಭಾರತದಲ್ಲಿ ಈ ಮಕ್ಕಳಿಗಾಗಿ ವ್ಯವಸ್ಥಿತವಾದ ಕಾರ್ಯವು 1972ರಲ್ಲಿ ಮುಂಬಯಿಯಲ್ಲಿ ಮಿತು ಆಲೂರ್ ಎಂಬ ತಾಯಿಯೊಬ್ಬಳಿಂದ ಆರಂಭವಾಯಿತು. ಆಕೆಯ ಮಗಳು ಮಾಲಿನಿ ಚಿಬ್ 1966ರಲ್ಲಿ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿಯುಳ್ಳವಳು. ಆಕೆಯು ಮುಂದೆ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನು ಪಡೆದು, ಒಂದೇ ಒಂದು ಕಿರುಬೆರಳಿನಿಂದ ಟೈಪು ಮಾಡಿ ತನ್ನ ಬದುಕಿನ ಕಥೆಯನ್ನು ಗ್ರಂಥವಾಗಿಸಿದಳು. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸ್ಥಾಪನೆಯಾಯಿತು. ಆ ಕಾಲದಲ್ಲಿ ಇಂತಹ ಸಂಸ್ಥೆಗಳ ಬಾಗಿಲಿಗೆ ತಾಯಂದಿರ ಸೊಂಟದ ಮೇಲೆ ಬಂದ ಎಳೆಯರು ಈಗ ನಲವತ್ತರ ಆಚೀಚೆಗೆ ಬಂದಿದ್ದಾರೆ. ಆ ತಾಯಂದಿರಿಗೆ ಎಪ್ಪತ್ತು. ಅಂದು ಎಂಟು ಸೇರು ತೂಗುತ್ತಿದ್ದ ಕೂಸನ್ನು ಎತ್ತಿ ಸ್ನಾನದ ಮನೆಗೆ ಒಯ್ದಷ್ಟು ಸುಲಭವಾಗಿ ಇಂದು ಐವತ್ತು ಕಿಲೋ ತೂಕದ ಮಗನನ್ನು ಒಯ್ಯಲಾಗದು. ತಾಯಿಯ ಬೆನ್ನು ಸೋತ ದಿನ ಮಗನ ಆರೋಗ್ಯವೂ ಸೋಲುತ್ತದೆ. ಹಾಸಿಗೆ ಹುಣ್ಣು, ಮಲಬದ್ಧತೆ, ಅವಸರದಲ್ಲಿ ತಿನ್ನಿಸಿದ ತುತ್ತು, ಎಲ್ಲವೂ ಅಲ್ಲಿಂದಲೇ ಮೊದಲಾಗುತ್ತವೆ. ಆದುದರಿಂದ ಎತ್ತುವ ಸಾಧನ, ಉಣಿಸಲು ಕಲಿತ ಎರಡನೆಯ ಕೈ, ಇವು ಐಷಾರಾಮವಲ್ಲ. ತಾಯಿ ಗಟ್ಟಿಯಾಗಿರುವಾಗಲೇ ಮನೆಯಲ್ಲಿ ಇನ್ನೊಬ್ಬರು ಆ ಕೆಲಸವನ್ನು ಕಲಿತಿರಬೇಕು.

ಕಾಗದಪತ್ರಗಳ ಕೆಲಸವೂ ಒಂದಿದೆ. ಹದಿನೆಂಟು ತುಂಬಿದ ಬಳಿಕ ತಂದೆತಾಯಿಗಳು ಕಾನೂನಿನ ದೃಷ್ಟಿಯಲ್ಲಿ ಸಹಜವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಇದು ಎಷ್ಟೋ ಮನೆಗಳವರಿಗೆ ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ರುಜು ಹಾಕಬೇಕಾದಾಗಲೇ ತಿಳಿಯುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಪೋಷಕರು ಅಗತ್ಯವಿದ್ದಲ್ಲಿ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ನೇಮಕ ಪಡೆಯಬಹುದು. ತಮ್ಮ ಕಾಲಾನಂತರ ಯಾರೆಂಬುದನ್ನೂ ಬದುಕಿರುವಾಗಲೇ ಯೋಚಿಸಬಹುದು. ಅದೇ ಟ್ರಸ್ಟಿನ ‘ನಿರಾಮಯ’ ವಿಮೆಯು ವೈದ್ಯಕೀಯ ಪರೀಕ್ಷೆಯ ತಡೆಯಿಲ್ಲದೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ವೆಚ್ಚಕ್ಕಾಗಿ ಏರ್ಪಟ್ಟುದು. ಬುದ್ಧಿ ಸ್ವಸ್ಥವಾಗಿರುವವರಿಗೆ ಪೋಷಕರ ಅಗತ್ಯವೇ ಇಲ್ಲ. ಕೈ ನಡುಗುತ್ತದೆಂದು ರುಜುವಿನ ಹಕ್ಕು ಹೋಗುವುದಿಲ್ಲ. ಈ ಭೇದವನ್ನು ಮರೆತು ಮಗನ ಮಾತನ್ನೇ ಕೇಳದೆ ಎಲ್ಲವನ್ನೂ ಅವನ ಪರವಾಗಿ ಮಾಡುವ ಪ್ರೀತಿಯೂ ಒಂದುಂಟು.

ಜೋಯಿ ಡೀಕನನ ವಿಷಯದಲ್ಲಿ ಹಾಗಾಗಲಿಲ್ಲ. ಆಸ್ಪತ್ರೆಯಲ್ಲಿ ಆತನಿಗೆ ಅರ್ನಿ ರಾಬರ್ಟ್ಸ್ ಎಂಬ ಗೆಳೆಯನೊಬ್ಬನು ದೊರೆತನು. ಜಗತ್ತಿಗೆ ಗೊರಗೊರ ಸದ್ದಾಗಿ ಕೇಳುತ್ತಿದ್ದ ಜೋಯಿಯ ನುಡಿ ಅರ್ನಿಗೆ ಸ್ಪಷ್ಟವಾಗಿ ತಿಳಿಯುತ್ತಿದ್ದಿತು. ಜೋಯಿ ಒಂದು ವಾಕ್ಯ ಹೇಳುವನು. ಅರ್ನಿ ಅದನ್ನು ತಿರುಗಿ ಹೇಳುವನು. ಮೈಕೇಲ್ ಎಂಬ ಇನ್ನೊಬ್ಬ ರೋಗಿ ಅದನ್ನು ಕೈಬರಹದಲ್ಲಿ ಇಳಿಸುವನು. ಓದುಬರಹ ಬಾರದ ಟಾಮ್ ಎಂಬ ನಾಲ್ಕನೆಯವನು ಅದನ್ನು ಟೈಪು ಮಾಡುವನು. ನಾಲ್ವರೂ ಸೇರಿ ಹದಿನಾಲ್ಕು ತಿಂಗಳಲ್ಲಿ ಬರೆದ ಪುಸ್ತಕವು 1974ರಲ್ಲಿ ಅಚ್ಚಾಯಿತು. ಅದರಿಂದ ಬಂದ ಹಣವೂ ಸೇರಿ ಆಸ್ಪತ್ರೆಯ ಆವರಣದಲ್ಲಿಯೇ ಒಂದು ಚಿಕ್ಕ ಮನೆಯಾಯಿತು. ವಾರ್ಡಿನಲ್ಲಿ ಐವತ್ತು ವರ್ಷಗಳನ್ನು ಕಳೆದ ಮೇಲೆ ಜೋಯಿಯು ಕೊನೆಯ ವರ್ಷಗಳನ್ನು ಗೆಳೆಯರೊಡನೆ ಆ ಮನೆಯಲ್ಲಿ ಕಳೆದನು.